ಹೆಗ್ಗದ್ದೆ ಹೊಳೆಯಲ್ಲಿ ಕೇಳಿದ ಟಿಕ್ ಟಿಕ್

ದೆವ್ವ, ಶಕುನ, ಅಶರೀರವಾಣಿ ಇವುಗಳನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ‘ಎಷ್ಟು ಹೊತ್ತಿಗೆ, ಎಷ್ಟು ದೂರದಲ್ಲಿ, ಸಾಕ್ಷಿ ಯಾರು’ ಎಂದು ಪೀಡಿಸಿ ಕಥೆಯ ರುಚಿ ಕೆಡಿಸುವುದು ನನ್ನ ಚಾಳಿ. ಕಾಲೇಜಿನಲ್ಲಿ ನೀರಿನ ಹರಿವು ಅಳೆಯುವ ಲ್ಯಾಬ್ ನೋಡಿಕೊಳ್ಳುವವನು ನಾನು. ಅಳತೆಗೆ ಸಿಗದ್ದೆಲ್ಲ ಸುಳ್ಳು ಎಂಬ ಜಂಬ ಬೇರೆ. ಈಗ ಹೇಳಹೊರಟಿರುವುದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ಸಕಲೇಶಪುರದಾಚೆ ಹೆಗ್ಗದ್ದೆ ಕಡೆಯ ಒಂದು ಹೊಳೆಯ ಹರಿವು ಅಳೆಯಲು ನಾನೂ ಫೆಲಿಕ್ಸೂ ಹೋಗಿದ್ದೆವು. ಫೆಲಿಕ್ಸ್ ನನ್ನ ಲ್ಯಾಬಿನ ಜೊತೆಗಾರ, ಆನೇಮಹಲ್‌ನವನು. ನಮ್ಮ ಮೀಟರ್ ಹಳೆಯ ಕಾಲದ್ದು. ಕೋಲಿನ ತುದಿಯಲ್ಲಿ ಪುಟ್ಟ ಬಟ್ಟಲುಗಳ ಚಕ್ರ. ನೀರು ತಳ್ಳಿದಂತೆ ಅದು ತಿರುಗುತ್ತದೆ. ಒಂದೊಂದು ಸುತ್ತಿಗೂ ಒಂದು ‘ಟಿಕ್’ ಉದ್ದನೆಯ ವೈರಿನ ಮೂಲಕ ದಡದಲ್ಲಿರುವವನ ಹೆಡ್‌ಫೋನಿಗೆ ಬರುತ್ತದೆ. ಅದನ್ನು ಎಣಿಸಿದರೆ ನೀರಿನ ವೇಗ ಗೊತ್ತಾಗುತ್ತದೆ.

ಕಿವಿ ಚುರುಕೆಂದು ಎಣಿಸುವ ಕೆಲಸ ನನ್ನದು. ಈಜು ಬಾರದ ಫೆಲಿಕ್ಸ್ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ನೀರಿಗೆ ಇಳಿಯುತ್ತಿದ್ದ. ಹಗ್ಗದ ಇನ್ನೊಂದು ತುದಿ ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಂಜಣ್ಣನ ಕೈಲಿ. ಎಣಿಸುವವನನ್ನು ಯಾರೂ ಮಾತಾಡಿಸಬಾರದು, ಅವನು ಕೈ ಎತ್ತುವವರೆಗೆ ನೀರಲ್ಲಿರುವವನು ಕದಲಬಾರದು. ಇದು ನಮ್ಮ ಕಟ್ಟಳೆ. ನಡುವೆ ಬಾಯಿ ಹಾಕಿದವರಿಗೆ ನನ್ನಿಂದ ಮಂಗಳಾರತಿ ಖಂಡಿತ.

ಮಳೆಗಾಲ ಬಿಡುವು ಕೊಟ್ಟ ದಿನ, ಮಧ್ಯಾಹ್ನದ ಬಿಸಿಲು. ನೀರು ಸೊಂಟದವರೆಗಿತ್ತು, ತಿಳಿಯಾಗಿತ್ತು. ದಡದ ಹತ್ತಿರದ ಅಳತೆಗಳು ಸಲೀಸಾಗಿ ಮುಗಿದವು. ಫೆಲಿಕ್ಸ್ ನಡುಹೊಳೆಗೆ ಹೋಗಿ ಕೋಲು ಊರಿದ. ನಾನು ಎಂದಿನಂತೆ ಕಣ್ಣು ಮುಚ್ಚಿ ಬೆರಳು ಮಡಚುತ್ತ ಎಣಿಸತೊಡಗಿದೆ.

ಮೊದಲು ಟಿಕ್ ನಿಧಾನವಾಗಿಯೇ ಇತ್ತು. ಆಮೇಲೆ ಬಿರುಸಾಯಿತು. ಕೊನೆಗೆ ಒಂದಕ್ಕೊಂದು ಅಂಟಿಕೊಂಡು, ಒಗ್ಗರಣೆಯ ಸಾಸಿವೆ ಸಿಡಿದಂತೆ ಕಿವಿ ತುಂಬಿತು. ಅಂಥ ವೇಗದ ನೀರಿನಲ್ಲಿ ಮನುಷ್ಯ ನಿಲ್ಲಲಾರ. ಕಣ್ಣು ಬಿಟ್ಟರೆ ಹೊಳೆ ಅದೇ ಹೊಳೆ. ಫೆಲಿಕ್ಸ್ ತಲೆ ಬಗ್ಗಿಸಿ ಕದಲದೆ ನಿಂತಿದ್ದಾನೆ. ಮೀಟರ್ ಕೆಟ್ಟಿದೆ ಎಂದುಕೊಂಡೆ. ಹಾಗೆಂದುಕೊಂಡರೂ ವಿಪರೀತ ಹೆದರಿಕೆಯಾಯಿತು. ಗಂಟಲು ಹರಿಯುವಂತೆ ಕೂಗಿದೆ.

“ಫೆಲಿಕ್ಸ್, ಈಚೆ ಬಾ! ಎಲ್ಲ ಬಿಟ್ಟು ಮೊದಲು ಈಚೆ ಬಾ!”

ಅವನು ಕೋಲು ಹೊತ್ತು ಗೊಣಗುತ್ತ ದಡ ಮುಟ್ಟಿದ. ಅಷ್ಟರಲ್ಲಿ ಮೇಲಿನ ತಿರುವಿನಿಂದ ಮೊರೆತ ಕೇಳಿತು.

“ಮೇಲಕ್ ಹತ್ರೀ ಸಾರ್, ಹೊಳೆ ಬಂದ್ಬುಡ್ತು!” ಎಂದು ಮಂಜಣ್ಣ ಹಗ್ಗ ಜಗ್ಗಿದ. ಘಟ್ಟದ ಮೇಲೆಲ್ಲೋ ಮಳೆ ಸುರಿದಿರಬೇಕು. ಕೆಂಪು ನೀರು ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬಂದು ಫೆಲಿಕ್ಸ್ ನಿಂತಿದ್ದ ಜಾಗವನ್ನು ನುಂಗಿಹಾಕಿತು.

ಮೂವರೂ ಕಾಫಿ ಗಿಡಗಳ ನಡುವೆ ಕುಸಿದು ಕೂತೆವು. ಮೀಟರ್ ಹುಚ್ಚು ಹಿಡಿದಂತೆ ಬಡಿದುಕೊಂಡಿತು, ಅದಕ್ಕೇ ಕೂಗಿದೆ ಎಂದೆ. ಫೆಲಿಕ್ಸ್ ನನ್ನ ಮುಖವನ್ನೇ ನೋಡಿದ.

“ಯಾವ ಮೀಟರ್ ಮಾರಾಯ? ಕೋಲು ಊರಿದ ತಕ್ಷಣ ವೈರ್ ಕಳಚ್ಕೊಂಡು ನನ್ನ ಕೈಗೆ ಬಂದಿತ್ತು. ವಾಪಸ್ ಸಿಕ್ಕಿಸಕ್ಕೆ ಒದ್ದಾಡ್ತಿದ್ದೆ. ನೀನು ನೋಡಿದ್ರೆ ಬೆರಳು ಮಡಚ್ತಾನೇ ಇದ್ದೆ. ಎಣಿಸೋವಾಗ ಮಾತಾಡಿದ್ರೆ ಬಯ್ತೀಯ ಅಂತ ಸುಮ್ನಿದ್ದೆ. ಏನ್ ಎಣಿಸ್ತಿದ್ದೆ ನೀನು?”

ಕಳಚಿದ ವೈರು ನೀರು ತಾಗಿ ಸದ್ದು ಮಾಡಿರಬಹುದೇ ಎಂದು ಅದರ ತುದಿಯನ್ನು ಲ್ಯಾಬಿನ ನೀರಿನ ತೊಟ್ಟಿಯಲ್ಲಿ ಅದ್ದಿ, ಅಲುಗಿಸಿ, ಮತ್ತೆ ಮತ್ತೆ ಕೇಳಿದ್ದೇನೆ. ಒಂದು ಟಿಕ್ ಕೂಡ ಇಲ್ಲ. ದೂರದ ಪ್ರವಾಹದ ಸದ್ದೇ ಹಾಗೆ ಕೇಳಿಸಿರಬೇಕು ಎಂದುಕೊಂಡರೆ, ಕಿವಿಗೆ ಏನೂ ಹಾಕಿಕೊಳ್ಳದೆ ನಿಂತಿದ್ದ ಮಂಜಣ್ಣ “ನೀವು ಕೂಗೋಗಂಟ ಒಂದ್ ಸದ್ದೂ ಇರ್ಲಿಲ್ಲ ಕಣ್ರೀ” ಎಂದು ಆಣೆ ಮಾಡುತ್ತಾನೆ.

ಅನುಮಾನ ಬಂದ ಅಳತೆಯನ್ನು ಹೊಡೆದುಹಾಕಿ ಎಂದು ವಿದ್ಯಾರ್ಥಿಗಳಿಗೆ ಕಲಿಸುವವನು ನಾನು. ಇದೊಂದನ್ನು ಹೊಡೆದುಹಾಕಲು ನನ್ನಿಂದ ಆಗಿಲ್ಲ. ಅದನ್ನು ಸುಳ್ಳೆಂದರೆ, ಎದುರಿನ ಮೇಜಿನ ಬಳಿ ಕೂತು ಬುತ್ತಿ ಬಿಚ್ಚುತ್ತಿರುವ ಫೆಲಿಕ್ಸನನ್ನು ಏನೆನ್ನಲಿ?