ಸವಳು ನೀರಿನ ಸರ್ಟಿಫಿಕೇಟು

ಮೊನ್ನೆ ಪತ್ರಿಕೆಯಲ್ಲಿ ಒಂದು ತಿಮಿಂಗಿಲದ ದಿನಚರಿ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಯಾವುದೋ ದೂರದೇಶದ ಗಾಜಿನ ಕೊಳದಲ್ಲಿರುವ ತಿಮಿಂಗಿಲ ಅದು. ಎಂಟಕ್ಕೆ ವೈದ್ಯರ ತಪಾಸಣೆ, ಒಂಬತ್ತಕ್ಕೆ ತಿಂಡಿ, ಹನ್ನೊಂದಕ್ಕೆ ಜನರೆದುರು ಜಿಗಿತ, ಒಂದಕ್ಕೆ ಊಟ, ಮೂರಕ್ಕೆ ಮತ್ತೆ ಜಿಗಿತ. ಒಂದು ನಿಮಿಷ ಆಚೀಚೆ ಇಲ್ಲ. ನಾನು ಐವತ್ತು ವರ್ಷದಿಂದ ನಾಲ್ಕೂ ಮುಕ್ಕಾಲಿಗೆ ಏಳುತ್ತ ಬಂದವನು. ನನ್ನ ಟವೆಲ್ಲಿಗೆ ಒಂದು ಮೊಳೆ, ಕನ್ನಡಕಕ್ಕೆ ಒಂದು ಗೂಡು, ಸಂಜೆಯ ಅಡ್ಡಾಟಕ್ಕೆ ಇಂತಿಷ್ಟು ಹೆಜ್ಜೆ ಎಂದು ಗೊತ್ತುಮಾಡಿಕೊಂಡಿದ್ದೇನೆ. ಆದರೂ ಹಾಲಿನವನು ತಡಮಾಡಿದರೆ ನನ್ನ ಚಹಾ ಹತ್ತು ನಿಮಿಷ ಹಿಂದೆ ಬೀಳುತ್ತದೆ. ತಿಮಿಂಗಿಲಕ್ಕೆ ಆ ಕಾಟವೂ ಇಲ್ಲ.

ಅದೇ ಪುಟದ ಕೆಳಗೆ, ಇಷ್ಟು ದೊಡ್ಡ ಪ್ರಾಣಿಯನ್ನು ಹೀಗೆ ಕೊಳದಲ್ಲಿಡುವುದು ಸರಿಯೋ ತಪ್ಪೋ, ಓದುಗರು ಬರೆದು ತಿಳಿಸಬೇಕು ಎಂದಿತ್ತು. ಬರೆಯಲು ಪೆನ್ನಿನ ಮುಚ್ಚಳ ತೆಗೆದೆ. ಒಂದು ಕ್ಷಣ ತಡೆದು ಮತ್ತೆ ಹಾಕಿದೆ. ಈ ವಿಷಯದಲ್ಲಿ ನಾನು ಹಿಂದೊಮ್ಮೆ ಲಿಖಿತ ಅಭಿಪ್ರಾಯ ಕೊಟ್ಟು ಕೆಟ್ಟವನು.

ಅದು ಏಕೀಕರಣದ ವರ್ಷ. ಬೆಟಗೇರಿಯ ಶಾಲೆಯೊಂದರಲ್ಲಿ ನಾನು ಹೊಸದಾಗಿ ಸೇರಿದ ವಿಜ್ಞಾನದ ಮಾಸ್ತರ. ಊರಿನ ತುಂಬ ತೋರಣ, ಪ್ರತಿ ಓಣಿಯಲ್ಲೂ ಭಾಷಣ. ಆ ಗದ್ದಲದಲ್ಲಿ ದತ್ತೋಬಾ ಎಂಬ ಆಟದ ಕಂಪನಿಯವನು ಶಾಲೆಯ ಹಿಂದಿನ ಬಯಲಿನಲ್ಲಿ ಡೇರೆ ಹೊಡೆದ. ಮುಂದೆ ಒಂದು ಹಲಗೆ: "ಅಖಂಡ ಕರ್ನಾಟಕದ ಸಮುದ್ರ ನಿಮ್ಮ ಮನೆಬಾಗಿಲಿಗೆ! ಜೀವಂತ ತಿಮಿಂಗಿಲದ ಮರಿ!" ಕಾರವಾರವೂ ನಾವೂ ಮೊದಲಿನಿಂದ ಒಂದೇ ಮುಂಬಯಿ ಪ್ರಾಂತದಲ್ಲಿದ್ದೆವು, ಸಮುದ್ರ ಹೊಸದಾಗಿ ಬಂದದ್ದೇನಲ್ಲ ಎಂದು ಯಾರೂ ಕೇಳಲಿಲ್ಲ. ಸಂಭ್ರಮದ ದಿನಗಳಲ್ಲಿ ಜನ ಭೂಪಟ ಬಿಚ್ಚಿ ನೋಡುವುದಿಲ್ಲ.

ಒಳಗಿದ್ದದ್ದು ತಿಮಿಂಗಿಲದ ಮರಿಯಲ್ಲ, ಆ ಕುಲಕ್ಕೇ ಸೇರಿದ ಒಂದು ಚಿಕ್ಕ ಪ್ರಾಣಿ. ಅದು ನನಗೆ ತಿಳಿದದ್ದು ಆಮೇಲೆ. ಸುಮಾರು ಐದು ಅಡಿ ಉದ್ದ, ಬೂದುಬಣ್ಣ, ಎಣ್ಣೆ ಹಚ್ಚಿ ತೀಡಿದಂಥ ಮೈ. ನೆತ್ತಿಯ ಮೇಲಿನ ತೂತಿನಿಂದ ಫುಸ್ ಎಂದು ಉಸಿರು ಬಿಡುತ್ತಿತ್ತು. ಕಾರವಾರದ ಕಡೆ ಬಲೆಗೆ ಸಿಕ್ಕದ್ದನ್ನು ದತ್ತೋಬಾ ಲಾರಿಯಲ್ಲಿ ತಂದು, ಹನ್ನೆರಡು ಅಡಿಯ ತಗಡಿನ ತೊಟ್ಟಿಯಲ್ಲಿ ಬಿಟ್ಟಿದ್ದ.

ತಂದ ನೀರು ಎರಡೇ ದಿನದಲ್ಲಿ ನಾತ ಹೊಡೆಯಿತು. ದತ್ತೋಬಾ ಶಾಲೆಗೆ ಓಡಿಬಂದ.

"ಮಾಸ್ತರ, ಇದಕ್ಕ ಉಪ್ಪುನೀರು ಬೇಕ್ರಿ. ನಿಮ್ಮೂರಾಗ ಎಲ್ಲಿ ತರ್ಲಿ?"

ನಮ್ಮೂರಿನಲ್ಲಿ ಉಪ್ಪುನೀರಿಗೆ ಬರವೇ? ಬೆಟಗೇರಿಯಲ್ಲಿ ಆಗ ಮನೆಗಳ ಮಾನ ಅಳೆಯುತ್ತಿದ್ದದ್ದು ಬಾವಿಯ ನೀರಿನಿಂದ. ಹೆಣ್ಣು ಕೊಡುವವರು ವರನ ಸಂಬಳಕ್ಕಿಂತ ಮೊದಲು, "ಬಾವಿ ಸಿಹಿಯೋ ಸವಳೋ?" ಎಂದು ಕೇಳುತ್ತಿದ್ದರು. ಸವಳು ಎಂದರೆ ಉಪ್ಪುಪ್ಪಾದ ನೀರು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ನಮ್ಮ ಬಾವಿ ಇಡೀ ಓಣಿಗೆ ಹೆಸರಾದ ಸವಳು. ನಮ್ಮವ್ವ ಬೇಳೆ ಬೇಯಿಸುವ ನೀರಿಗಾಗಿ ದಿನಾ ಒಂದು ಮೈಲಿ ನಡೆದು, ಬಾವಿಯ ಕಟ್ಟೆಯನ್ನು ಬೈಯುತ್ತಲೇ ಮುದುಕಿಯಾಗಿದ್ದಳು.

ನಾನು ವಿಜ್ಞಾನದ ಮಾಸ್ತರ. ನಮ್ಮ ಬಾವಿಯ ನೀರನ್ನು ನಾಲಿಗೆಯ ಮೇಲೆ ಹಾಕಿ, ಕಣ್ಣು ಮುಚ್ಚಿ, ಕಾಗದದ ಮೇಲೆ ನೀಲಿ ಮಸಿಯಲ್ಲಿ ದುಂಡಗೆ ಬರೆದುಕೊಟ್ಟೆ: "ಸದರಿ ನೀರು ಸಮುದ್ರದ ನೀರಿಗೆ ಸಮಾನವಾಗಿದೆ ಎಂದು ಪರೀಕ್ಷಿಸಿ ದೃಢೀಕರಿಸಲಾಗಿದೆ." ಕೆಳಗೆ ಸಹಿ, ತಾರೀಖು. ದತ್ತೋಬಾ ಅದಕ್ಕೆ ಚೌಕಟ್ಟು ಹಾಕಿಸಿ ಡೇರೆಯ ಬಾಗಿಲಲ್ಲಿ ತೂಗುಹಾಕಿದ.

ಆ ದಿನ ಅವ್ವನ ಮುಖ ನೋಡಬೇಕಿತ್ತು. ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು, ಕೊಡದ ಮೇಲೆ ಕೊಡ ಸೇದಿ ಹೊತ್ತಳು. "ಏನವ್ವಾ, ನಮ್ಮ ಬಾವಿಗೆ ಮೂಗು ಮುರೀತಿದ್ದಿ! ಈಗ ನೋಡು, ಸಮುದ್ರ ಐತಿ ನಮ್ಮ ಹಿತ್ತಲದಾಗ," ಎಂದು ಸಿಹಿಬಾವಿಯ ಮನೆಯವಳನ್ನು ನಿಲ್ಲಿಸಿ ಹೇಳಿದಳು. ನೀರು ಕೊಟ್ಟದ್ದಕ್ಕೆ ಅವಳು ಕೇಳಿದ ಪ್ರತಿಫಲ ಒಂದೇ, ಯಾವ ಹೊತ್ತಿಗಾದರೂ ಡೇರೆಯೊಳಗೆ ಹೋಗುವ ಹಕ್ಕು.

ಡೇರೆಯ ವ್ಯವಸ್ಥೆ ನನ್ನ ಪಾಲಿಗೆ ಬಂತು. ವ್ಯವಸ್ಥೆ ಎಂದರೆ ನನಗೆ ಊಟ ಬೇಡ. ಜನರನ್ನು ಸಾಲಿನಲ್ಲಿ ನಿಲ್ಲಿಸಿ, ಒಂದು ತಂಡಕ್ಕೆ ಮೂರು ನಿಮಿಷ ಕೊಟ್ಟು, ಶಾಲೆಯ ಕೈಗಂಟೆ ಬಾರಿಸಿ ಹೊರಗಟ್ಟುತ್ತಿದ್ದೆ. ಆ ಸಾಲೇ ಒಂದು ನೋಟ. ಲಕ್ಷ್ಮೇಶ್ವರದವರು, ಶಿರಹಟ್ಟಿಯವರು ಎಂಟು ವರ್ಷದ ಹಿಂದೆ ಬೇರೆ ಬೇರೆ ಸಂಸ್ಥಾನದ ಪ್ರಜೆಗಳು. ಈಗ ಮುಂಡರಗಿಯವರ ಬೆನ್ನಿಗೆ ಹೊಟ್ಟೆ ಹಚ್ಚಿ ನಿಂತಿದ್ದರು. ಏಕೀಕರಣವನ್ನು ನಾನು ಕಣ್ಣಾರೆ ಕಂಡದ್ದು ಆ ಸಾಲಿನಲ್ಲಿ. ಕುರ್ತಕೋಟಿಯ ಒಬ್ಬ ರೈತ ತೊಟ್ಟಿಯೊಳಗೆ ಬಗ್ಗಿ, "ಭಾಳ ಬಡಕಲಾಗೈತ್ರಿ. ಎಮ್ಮಿಗೆ ಹಾಕಿದಂಗ ಎರಡು ಹೊತ್ತು ಹಿಂಡಿ ಹಾಕ್ರಿ," ಎಂದು ಸಲಹೆ ಕೊಟ್ಟ. ಶಿಗ್ಲಿಯ ಅಜ್ಜನೊಬ್ಬ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಎಸೆದು, "ತಿನ್ನೋ ತಮ್ಮಾ, ನಾಚಬ್ಯಾಡ," ಎಂದ. ಹೆಡ್‌ಮಾಸ್ತರು ಮಾತ್ರ ಕೈಕಟ್ಟಿ ನಿಂತು, "ಇದು ಸಸ್ಯಾಹಾರಿ ಏನ್ರಿ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ಇಂದು ಪತ್ರಿಕೆಯಲ್ಲಿ ಕೊಳದ ಪರವಾಗಿ ಬರೆದವರು ಹೇಳುವ ಎಲ್ಲ ಮಾತನ್ನೂ ನಾನು ಆಗಲೇ ಆ ಡೇರೆಯಲ್ಲಿ ನಿಂತು ಹೇಳಿದ್ದೆ. ಮಕ್ಕಳಿಗೆ ಜ್ಞಾನ ಬರುತ್ತದೆ. ಪ್ರಾಣಿಗೆ ಹುಡುಕದೆ ಆಹಾರ ಸಿಗುತ್ತದೆ, ಶತ್ರುವಿನ ಭಯವಿಲ್ಲ. ಈ ಮಾತುಗಳು ಪೂರ್ತಿ ಸುಳ್ಳೂ ಅಲ್ಲ. ಚಿತ್ರ ಬಿಡಿಸಿ ಎಂದರೆ ಎತ್ತು, ಬಂಡಿ ಬಿಟ್ಟು ಬೇರೇನೂ ಬಿಡಿಸದ ನನ್ನ ಮಕ್ಕಳು ಆ ವಾರ ಪಾಟಿಯ ತುಂಬ ಸಮುದ್ರ ಬರೆದರು. ಎತ್ತಿಗೂ ನೆತ್ತಿಯ ಮೇಲೆ ಕಾರಂಜಿ ಇಟ್ಟರು ಎನ್ನುವುದು ಬೇರೆ ಮಾತು.

ನನ್ನ ಇನ್ನೊಂದು ಚಟವೆಂದರೆ ಎಣಿಕೆ. ಪ್ರಾಣಿಯ ಉಸಿರನ್ನು ಜೇಬುಗಡಿಯಾರ ಹಿಡಿದು ಎಣಿಸಿ ವಹಿಯಲ್ಲಿ ಬರೆಯುತ್ತಿದ್ದೆ. ಸವಳು ನೀರು ತುಂಬಿದ ಮೊದಲ ದಿನ ನಿಮಿಷಕ್ಕೆ ಮೂರು, ಎರಡನೆಯ ದಿನ ಐದು, ಮೂರನೆಯ ದಿನ ಎಂಟು. ಅಂಕಣಗಳನ್ನು ಕೆಂಪು ಗೆರೆ ಹಾಕಿ ಎಷ್ಟು ಚಂದ ಮಾಡಿದ್ದೆನೆಂದರೆ, ನಾನೇ ಮೆಚ್ಚಿ ಅವ್ವನಿಗೆ ತೋರಿಸಿದೆ. ಅವಳಿಗೆ ಓದು ಬಾರದು.

"ಏನೋ ಇದು?"

"ಅದರ ಉಸುರಿನ ಲೆಕ್ಕ ಬೇ. ಮೊದಲ ಮೂರಿತ್ತು, ಈಗ ಎಂಟು."

ಅವ್ವ ತೊಟ್ಟಿಯ ಅಂಚಿಗೆ ಕೈಯಿಟ್ಟು ಬಹಳ ಹೊತ್ತು ಒಳಗೆ ನೋಡಿದಳು. ಪ್ರಾಣಿ ಮೂರು ದಿನದಿಂದ ಮೀನು ಮುಟ್ಟಿರಲಿಲ್ಲ. ತೊಟ್ಟಿಯ ಸುತ್ತ ಒಂದೇ ದಿಕ್ಕಿನಲ್ಲಿ, ಗಾಣದೆತ್ತಿನ ಹಾಗೆ ತಿರುಗುತ್ತಿತ್ತು. ಬೆನ್ನಿನ ಚರ್ಮ ಅಲ್ಲಲ್ಲಿ ಸುಲಿದಿತ್ತು. ಅದು ಒಂದು ಕಣ್ಣು ಮೇಲೆ ಮಾಡಿ ಅವ್ವನನ್ನು ನೋಡಿತು.

"ಜ್ವರ ಬಂದಾಗ ನೀನೂ ಹಿಂಗ ಉಸುರು ಬಿಡ್ತಿದ್ದಿ," ಎಂದಳು. "ಲೆಕ್ಕಾ ಬರದಿ ಖರೆ. ಅರ್ಥಾ ಯಾಕ ಬರೀಲಿಲ್ಲ?"

ನಾನು ವಹಿ ಮುಚ್ಚಿದೆ. ಬೋಧನಶಾಸ್ತ್ರದ ತರಬೇತಿಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಅವ್ವ ನೇರವಾಗಿ ದತ್ತೋಬಾನ ಮುಂದೆ ಹೋಗಿ ನಿಂತಳು. "ಇದನ್ನ ಇದರ ಮನಿಗೆ ಬಿಟ್ಟು ಬಾರಪಾ."

"ಅವ್ವಾರ, ಇನ್ನೂ ಎಂಟು ದಿನದ ಆಟ ಐತ್ರಿ. ಮಾಸ್ತರ ಸರ್ಟಿಫಿಕೇಟ ಕೊಟ್ಟಾರ, ನೀರು ಚಲೋ ಐತಿ ಅಂತ."

"ಅಂವಾ ಕೊಟ್ಟಿದ್ದು ಕಾಗದ. ನೀರು ಕೊಟ್ಟಾಕಿ ನಾನು. ನಾಳಿಯಿಂದ ನಮ್ಮ ಬಾವಿದು ಒಂದು ಕೊಡಾನೂ ಇಲ್ಲ. ತೊಟ್ಟಿ ಹ್ಯಾಂಗ ತುಂಬತಿ, ತುಂಬು."

ಸಂಜೆಯೊಳಗೆ ಸುದ್ದಿ ಓಣಿ ದಾಟಿತು. ಸಿಹಿಬಾವಿಯ ಮನೆಯವಳೂ ಸೇರಿ ಅಷ್ಟೂ ಹೆಂಗಸರು ಬಾವಿಯ ಹಗ್ಗ ಸುತ್ತಿ ಒಳಗಿಟ್ಟರು. ಗಂಡಸರು ನಾಲ್ಕು ಕಡೆ ಭಾಷಣ ಮಾಡುತ್ತಿದ್ದರು, ಅದನ್ನು ತಡೆಯುವವರಿರಲಿಲ್ಲ. ನೀರು ನಿಂತರೆ ಮಾತ್ರ ಆಟ ನಿಲ್ಲುತ್ತದೆ. ದತ್ತೋಬಾ ತಲೆ ಕೆರೆದುಕೊಂಡು ನನ್ನ ಕಡೆ ನೋಡಿದ. ನಾನು ಅವ್ವನ ಕಡೆ ನೋಡಿದೆ. ಅವ್ವ ಲಾರಿಯ ಕಡೆ ನೋಡಿದಳು.

ಮರುದಿನ ಬೆಳಗ್ಗೆ ಐದಕ್ಕೆ ನಾನೂ ದತ್ತೋಬಾನೂ ಹೊರಟೆವು. ಸಮಯಪಾಲನೆ ನನ್ನದು, ಹೇಳಬೇಕಾಗಿಲ್ಲ. ಲಾರಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಒದ್ದೆ ಗೋಣಿ, ಗೋಣಿಯ ನಡುವೆ ಪ್ರಾಣಿ, ಸುತ್ತ ಅವ್ವ ದಾರಿಗೆಂದು ತಾನೇ ಸೇದಿ ತುಂಬಿಸಿಕೊಟ್ಟ ನೀರಿನ ಡಬ್ಬಿಗಳು. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವುದು, ದತ್ತೋಬಾ ಗೋಣಿಗೆ ನೀರು ಹಾಕುವುದು, ನಾನು ಉಸಿರು ಎಣಿಸುವುದು. ಹುಬ್ಬಳ್ಳಿಯಲ್ಲಿ ಒಂಬತ್ತು, ಯಲ್ಲಾಪುರದಲ್ಲಿ ಹತ್ತು. ಘಟ್ಟ ಇಳಿಯುವಾಗ ಎಣಿಕೆ ತಪ್ಪಿತು. ನನ್ನ ಬದುಕಿನಲ್ಲಿ ಎಣಿಕೆ ತಪ್ಪಿದ್ದು ಅದೇ ಮೊದಲು. ದತ್ತೋಬಾ, "ಐತೋ ಹೋತೋ ಹೇಳ್ರಿ ಮಾಸ್ತರ!" ಎಂದು ಅಳುವ ದನಿಯಲ್ಲಿ ಕೇಳುತ್ತಿದ್ದ. ಅವನು ಅದಕ್ಕೆ ಒಂದು ಹೆಸರಿಟ್ಟು ರಾತ್ರಿಯೆಲ್ಲ ಮಾತಾಡಿಸುತ್ತಿದ್ದನಂತೆ. ಕೆಟ್ಟವನಾಗಿದ್ದರೆ ಬೈಯುವುದು ಸುಲಭವಿತ್ತು.

ಮೂರು ಗಂಟೆಗೆ ಅಂಕೋಲೆಯ ದಂಡೆಗೆ ತಲುಪಿದೆವು. ಬೆಸ್ತರು ನಾಲ್ವರು ನಗುತ್ತಲೇ ಹೊತ್ತು, ಎದೆಯ ಮಟ್ಟದ ನೀರಿನಲ್ಲಿ ಬಿಟ್ಟರು. ಅದು ಅಲ್ಲೇ ನಿಂತಿತು. ನಾನು ಮರಳಿನ ಮೇಲೆ ಬೂಟು ಜೋಡಿಸಿಟ್ಟು, ಧೋತರ ಎತ್ತಿಕಟ್ಟಿ, ಮೊಣಕಾಲುಮಟ್ಟದ ನೀರಿಗಿಳಿದು ಗಡಿಯಾರ ಹಿಡಿದೆ. ಫುಸ್ ಎಂದು ಒಂದು ಉಸಿರು. ಎರಡನೆಯದಕ್ಕೆ ಕಾದೆ. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಬಹಳ ದೂರದಲ್ಲಿ, ನಾನು ನೋಡದಿದ್ದ ದಿಕ್ಕಿನಲ್ಲಿ, ಸಣ್ಣದೊಂದು ತುಂತುರು ಕಂಡಿತು. "ಅಲ್ನೋಡ್ರಿ, ಹೊಂಟಿತು!" ಎಂದು ದತ್ತೋಬಾ ಕುಣಿದ. ನಾನು ವಹಿಯಲ್ಲಿ ಏನು ಬರೆಯಬೇಕೆಂದು ತಿಳಿಯದೆ, ಆ ಅಂಕಣ ಖಾಲಿ ಬಿಟ್ಟೆ.

ಆಗ ಒಂದು ಅಲೆ ಬಂದು ನನ್ನನ್ನು ಕೆಡವಿತು. ಬಾಯಿ ತುಂಬ ನೀರು. ಉಗುಳಿದೆ, ಕೆಮ್ಮಿದೆ, ಮತ್ತೆ ಉಗುಳಿದೆ. ಕಣ್ಣೊರೆಸಿಕೊಂಡು ಕೂತಾಗ ನನಗೆ ಒಂದು ಸಂಗತಿ ಹೊಳೆಯಿತು. ಸಮುದ್ರದ ನೀರಿಗೆ ಸಮಾನ ಎಂದು ನೀಲಿ ಮಸಿಯಲ್ಲಿ ಬರೆದುಕೊಟ್ಟ ನಾನು, ಸಮುದ್ರದ ನೀರನ್ನು ಬಾಯಿಗೆ ಹಾಕಿದ್ದು ಇದೇ ಮೊದಲು. ನಮ್ಮ ಬಾವಿಯ ಸವಳಿನ ಎದುರು ಇದು ಉಪ್ಪಿನ ಗಂಟೇ ಸರಿ. ಬಾವಿಯ ರುಚಿಯಷ್ಟೇ ಗೊತ್ತಿದ್ದವನು ಸಮುದ್ರದ ಪರವಾಗಿ ಸಹಿ ಹಾಕಿದ್ದ.

ಅವ್ವನಿಗೆಂದು ಒಂದು ತಂಬಿಗೆ ಸಮುದ್ರ ತಂದೆ. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡವಳೇ ಥೂ ಎಂದಳು. ಆಮೇಲೆ ಬಾವಿಯ ಕಡೆ ತಿರುಗಿ, "ನಿನ್ನ ನೀರಾಗ ಬೇಳೀನೂ ಬೇಯಂಗಿಲ್ಲ, ಮೀನೂ ಬದುಕಂಗಿಲ್ಲ. ಸುಮ್ನ ಸಮುದ್ರ ಅಂತ ಮೆರದ್ಯಲ್ಲ!" ಎಂದು ಬೈದಳು. ಬಾವಿಗೆ ಬೈದಳೆಂದೇ ನಾನು ಆಗ ತಿಳಿದೆ.

ದತ್ತೋಬಾ ಡೇರೆ ಕಿತ್ತಾಗ ಆ ಸರ್ಟಿಫಿಕೇಟನ್ನು ಚೌಕಟ್ಟಿನ ಸಮೇತ ಮರಳಿ ಕೊಟ್ಟ. ಅದು ನನ್ನ ಕಪಾಟಿನಲ್ಲಿ, ತಾರೀಖಿನ ಕ್ರಮದಲ್ಲಿ, ಇದ್ದ ಜಾಗದಲ್ಲೇ ಇದೆ. ಮೊನ್ನೆ ಅದನ್ನು ತೆಗೆದು ಪತ್ರಿಕೆಯ ಪಕ್ಕದಲ್ಲಿಟ್ಟು ಓದಿದೆ. ಆ ಗಾಜಿನ ಕೊಳದ ನೀರೂ ಸಮುದ್ರದ ನೀರಿಗೆ ಸಮಾನವೆಂದು ತಜ್ಞರು ದೃಢೀಕರಿಸಿದ್ದಾರಂತೆ. ಇರಬಹುದು. ಅವರು ನನಗಿಂತ ಓದಿದವರು, ಉಪ್ಪನ್ನು ತೂಗಿಯೇ ಹಾಕಿರುತ್ತಾರೆ. ದಿನಚರಿಯ ಬಗೆಗೂ ನನ್ನ ತಕರಾರಿಲ್ಲ. ಆದರೆ ಹೋದ ತಿಂಗಳು ನನ್ನ ಗಡಿಯಾರ ನಿಂತು, ನಾನು ಆರೂವರೆವರೆಗೆ ಮಲಗಿದ್ದೆ. ಎದ್ದಾಗ ಜಗತ್ತು ಹಾಗೇ ಇತ್ತು, ಮನಸ್ಸಿಗೂ ಯಾಕೋ ಹಿತವಾಗಿತ್ತು. ಆ ತಿಮಿಂಗಿಲದ ಗಡಿಯಾರ ಬೇರೆಯವರ ಜೇಬಿನಲ್ಲಿದೆ.

ಕೊನೆಗೆ ಪತ್ರಿಕೆಗೆ ಒಂದೇ ಸಾಲು ಬರೆದು ಹಾಕಿದೆ: "ಅದರ ಉಸಿರನ್ನು ಎಣಿಸುವವರು ದಯವಿಟ್ಟು ಪಕ್ಕದಲ್ಲಿ ಅರ್ಥವನ್ನೂ ಬರೆಯಬೇಕು." ಸಹಿ ಹಾಕಲು ಹೋಗಿ, ಒಂದು ಗಳಿಗೆ ತಡೆದು, ಅವ್ವನ ಹೆಸರು ಬರೆದೆ.