ಮುಳುಗಿದ ಕಂಬದ ಮಾತು

ನಮ್ಮ ಮನೆಯಲ್ಲಿ ಹಾಲು ಮುಗಿದ ಸುದ್ದಿ ಪಡಸಾಲೆಗೆ ಮುಟ್ಟುವ ಬಗೆಯನ್ನು ನೋಡಿ ನಾನು ನಗುತ್ತಿದ್ದೆ. ಅಣ್ಣ ಅತನೂರಿನ ಬೀಗರಿಗೆ ಚಹಾದ ಒತ್ತಾಯ ಮಾಡುತ್ತಿರುತ್ತಾನೆ. ಅತ್ತಿಗೆ, ನಮ್ಮ ವೈನಿ, ಹೊರಗೆ ಬಂದು ಹೇಳುವುದಿಲ್ಲ. ಒಳಬಾಗಿಲ ಸರಪಳಿಯನ್ನು ಒಮ್ಮೆ ಬಡಿಯುತ್ತಾರೆ. ಅಣ್ಣ ತಿರುಗಿ ಕೂಡ ನೋಡದೆ ಮಜ್ಜಿಗೆಯ ಗುಣಗಾನ ಶುರುಮಾಡುತ್ತಾನೆ.

ನಾನು ಜೇವರ್ಗಿಯಲ್ಲಿ ನೆಟ್‌ವರ್ಕ್ ಪಾಠ ಹೇಳುವವನು. ಪ್ರತಿ ಪದರವೂ ತನ್ನ ಕೆಲಸವನ್ನಷ್ಟೇ ನೋಡಿಕೊಳ್ಳಬೇಕು, ಕೆಳಗಿನವರ ತಾಪತ್ರಯ ಮೇಲಿನವರಿಗೆ ಗೊತ್ತಾಗಬಾರದು ಎಂದು ಕಲಿಸುತ್ತಿದ್ದೆ. ಹಾಗೆಯೇ ಅಚ್ಚುಕಟ್ಟಾಗಿ, ಸೊನ್ನ ಬ್ಯಾರೇಜಿನ ಕೆಳಗಿರುವ ನಮ್ಮ ಹೊಲದಂಚಿಗೆ, ಭೀಮೆಯ ಮಟ್ಟ ಅಳೆಯುವ ಕಂಬ ನೆಟ್ಟಿದ್ದೆ. ಕಂಬದ ರೇಡಿಯೊ ಅಳತೆಯನ್ನು ದಡದ ಮೇಲಿನ ಶೆಡ್ಡಿನ ಪೆಟ್ಟಿಗೆಗೆ ಕೊಡುತ್ತಿತ್ತು. ಪೆಟ್ಟಿಗೆ ನನ್ನ ಫೋನಿಗೆ.

ಈ ಮಳೆಗಾಲದ ಒಂದು ಮಧ್ಯಾಹ್ನ ಬ್ಯಾರೇಜಿನಿಂದ ನೀರು ಬಿಟ್ಟರೆಂದು ತಿಳಿದು ಅಣ್ಣ ದಂಡೆಯ ಮೋಟರು ಬಿಚ್ಚಲು ಹೊರಟ.

"ನೀರ ಎಷ್ಟೈತಿ ನೋಡಲೇ ಮಾಸ್ತರಾ."

"ಮುಂಜಾನಿದ್ದಷ್ಟ ಐತಿ ಅಣ್ಣಾ."

"ಹಂಗಾರ ಗಡಬಡಿ ಏನಿಲ್ಲ ಬಿಡು," ಎಂದು ಇಳಿದುಹೋದ.

ವೈನಿ ಮತ್ತು ನಾನು ಶೆಡ್ಡಿನ ಬಳಿ ನಿಂತಿದ್ದೆವು. ಫೋನಿಗೆ ಒಂದಾದ ಮೇಲೊಂದು ಅಂಕಿ ಬರುತ್ತಿತ್ತು, ಎಲ್ಲವೂ ಶಾಂತ. ಕಂಬದ ಕಡೆ ಕಣ್ಣೆತ್ತಿದೆ. ಅದಿದ್ದ ಜಾಗದಲ್ಲಿ ಕೆಂಪು ನೀರು ಸದ್ದಿಲ್ಲದೆ ಸುತ್ತುತ್ತಿತ್ತು. ಅಷ್ಟರಲ್ಲಿ ಮತ್ತೊಂದು ಅಂಕಿ ಬಂತು.

"ಕಂಬನ ಕಾಣವಲ್ದು," ಎಂದರು ವೈನಿ. "ಮತ್ತ ಯಾರ ಮಾತಾಡಾಕತ್ತಾರ?"

ನಾನಿನ್ನೂ ಫೋನನ್ನೇ ನೋಡುತ್ತಿದ್ದೆ. ಕೆಳಗೆ ಅಣ್ಣ ನೀರಿಗೆ ಬೆನ್ನು ಹಾಕಿ ಪಾನಾದಿಂದ ಬೋಲ್ಟು ತಿರುವುತ್ತಿದ್ದ. ವೈನಿ ಶೆಡ್ಡಿನ ತಗಡಿನ ಬಾಗಿಲಿಗೆ ಅದರ ಸರಪಳಿಯನ್ನು ಒಮ್ಮೆ ಬಡಿದರು. ಅಣ್ಣ ಏನು, ಏಕೆ ಎಂದು ಕೇಳಲಿಲ್ಲ. ಪಾನಾ ಅಲ್ಲೇ ಬಿಟ್ಟು ದಡ ಹತ್ತಿದ. ಅವನು ನಮ್ಮ ಹತ್ತಿರ ಬರುವಷ್ಟರಲ್ಲಿ ಮೋಟರು ಕಾಣುತ್ತಿರಲಿಲ್ಲ.

ಆಮೇಲೆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದೆ. ಕಂಬ ಮೌನವಾದದ್ದು ಪೆಟ್ಟಿಗೆಯ ಕೆಳಗಿನ ಪದರಕ್ಕೆ ಗೊತ್ತಿತ್ತು. ಮೇಲಿನವರಿಗೆ ಹೇಳುವುದು ಅದರ ಕೆಲಸವಾಗಿರಲಿಲ್ಲ. ನಡುವಿನ ಪದರ, ಮುಂಜಾನೆ ರೇಂಜ್ ಸಿಗದೆ ಉಳಿದಿದ್ದ ಹಳೆಯ ಅಳತೆಗಳನ್ನು ಸರದಿ ತಪ್ಪದೆ ಕಳಿಸುತ್ತಿತ್ತು. ಫೋನಿನ ಪರದೆ ಬಂದದ್ದನ್ನೆಲ್ಲ ಈಗಿನದೆಂದು ತೋರಿಸಿತು. ಯಾರೂ ಸುಳ್ಳು ಹೇಳಿರಲಿಲ್ಲ.

ಈಗ ಕೆಳಗಿನ ಪದರಕ್ಕೂ ಮೇಲಿನವರೊಡನೆ ನೇರ ಮಾತಿದೆ. ಕಂಬ ಮೌನವಾದರೆ ಪರದೆ ಅಂಕಿ ಅಳಿಸುತ್ತದೆ, ಫೋನು ಸದ್ದು ಮಾಡುತ್ತದೆ. ಸದ್ದು ನಮ್ಮ ಒಳಬಾಗಿಲ ಸರಪಳಿಯದೇ. ರೆಕಾರ್ಡ್ ಮಾಡಿ ಹಾಕಿದ್ದೇನೆ.

ಮೊನ್ನೆ ಪಡಸಾಲೆಯಲ್ಲಿ ಕುಳಿತಿದ್ದಾಗ ಸರಪಳಿ ಬಡಿಯಿತು. ಅಣ್ಣ ರೂಢಿಯಂತೆ ಮಜ್ಜಿಗೆಯ ಮಾತು ತೆಗೆದ. ಅರ್ಧಕ್ಕೆ ನಿಲ್ಲಿಸಿದ. ವೈನಿ ಅವನ ಎದುರಿಗೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮೂವರೂ ಹೊಳೆಯ ಕಡೆ ನೋಡಿದೆವು.