ಕುಸಿತದ ವರದಿಗೆ ಕಾಯುವ ಹಾರುಯೊ

ಜಪಾನಿನ ಕಿರ್ಯೂ ಪಟ್ಟಣದ ನೇಯ್ಗೆ ಶೆಡ್ಡಿನಲ್ಲಿ ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಕಾಲಿಗೆ ಕಂಬಳಿ ಸುತ್ತಿಕೊಂಡು ಹಾರುಯೊ ಹೊಶಿನೊ ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪಕ್ಕದ ಮಗ್ಗದಲ್ಲಿ ಸೇವಂತಿಗೆಯೊಂದು ಅರ್ಧ ಮೂಡಿ ನಿಂತಿದೆ. ನಕ್ಷೆಯನ್ನು ಮಗ್ಗಕ್ಕೆ ತಿಳಿಸುವ ಪ್ರೋಗ್ರಾಂ ನಿನ್ನೆ ಸಂಜೆ ಕುಸಿದುಬಿದ್ದಿದೆ.

"ಮಗ್ಗ ನಿಂತು ನಾನು ತಲೆ ಕೆಡಿಸ್ಕೊಂಡಿದ್ರೆ, ನೀನು ಮದುವೆಮನೆಗೆ ಹೊರಟೋಳ ಹಾಗೆ ಮುಖ ಅರಳಿಸ್ಕೊಂಡು ಕೂತಿದ್ದೀಯಲ್ಲೇ!" ಎಂದು ಹಿರಿಯ ನೇಕಾರ್ತಿ ಕಿನುಎ ಛೇಡಿಸುತ್ತಾರೆ.

"ಸ್ವಲ್ಪ ಸುಮ್ನಿರಕ್ಕಾ, ಸಿಕ್ತು ಅನ್ಸುತ್ತೆ."

ಈ ಕಂಪ್ಯೂಟರನ್ನು ತಯಾರಿಸಿದವರು ಎಂದೋ ಕೈಬಿಟ್ಟರು. ಪ್ರೋಗ್ರಾಂ ಬರೆದಿರುವ ಕಂಪ್ಯೂಟರ್ ಭಾಷೆಯನ್ನು ನೋಡಿಕೊಳ್ಳುವವರೂ ಈ ಯಂತ್ರ ಇನ್ನು ನಮ್ಮ ಪಟ್ಟಿಯಲ್ಲಿಲ್ಲ ಎಂದುಬಿಟ್ಟರು. ಆ ಭಾಷೆಯನ್ನು ಓಡಿಸುವ ವರ್ಚುವಲ್ ಮಷೀನ್ ಎಂಬ ತಂತ್ರಾಂಶವನ್ನು ಈ ಮುದಿ ಯಂತ್ರಕ್ಕೆ ಹೊಂದಿಸುತ್ತಾ ಬಂದಿರುವುದು ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದ್ದ ಹಾರುಯೊ. ಹೇಳಿಕೊಟ್ಟವರಿಲ್ಲ, ತಪ್ಪು ಮಾಡುತ್ತಲೇ ಕಲಿತರು.

ಕಾಯಿಲೆ ಯಾವಾಗಲೂ ಒಂದೇ ಜಾಗದ್ದು. ಬೇಡವಾದ ಮಾಹಿತಿಯನ್ನು ಗುಡಿಸಿ ನೆನಪಿನಲ್ಲಿ ಜಾಗ ಮಾಡುವ ಭಾಗ, ಇನ್ನೂ ಬೇಕಾದದ್ದನ್ನೂ ಕಸವೆಂದು ಗುಡಿಸಿಬಿಡುತ್ತದೆ. "ಊಟ ಅರ್ಧ ಆಗಿರುವಾಗ್ಲೇ ಬಟ್ಟಲು ಎತ್ತಿಕೊಂಡು ಹೋದ ಹಾಗೆ. ಕುಸಿಯೋದು ಆಮೇಲೆಲ್ಲೋ. ಎತ್ತಿದ್ದು ಎಲ್ಲಿ ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು," ಎನ್ನುತ್ತಾರೆ.

ಇಂಥದೇ ಯಂತ್ರದಲ್ಲಿ ಹಾರುಯೊ ಹೊಂದಿಸಿದ್ದನ್ನೇ ಓಡಿಸುತ್ತಿದ್ದವರು ಇನ್ನೊಬ್ಬರಿದ್ದರು. ದೂರದ ಉತ್ತರದ ಅಓಮೊರಿಯ ಬೆಟ್ಟದಲ್ಲಿ ಹಿಮ ಅಳೆಯುವ ತಮೊತ್ಸು ಕುದೋ. ಅವರಲ್ಲಿ ಕುಸಿದಾಗ ಹಾರುಯೊಗೆ ವರದಿ ಬರೆದು ಕಳಿಸುತ್ತಿದ್ದರು, ಕೊನೆಯಲ್ಲೊಂದು ಸ್ವಂತ ಸಾಲು: ಬಾಗಿಲು ಹಿಮದಲ್ಲಿ ಹೂತುಹೋಗಿದೆ, ಇಂದು ನರಿ ಬಂದಿತ್ತು. ಇವರು ತಿದ್ದುಪಡಿ ಕಳಿಸುತ್ತಿದ್ದರು. ಇಬ್ಬರೂ ಮುಖ ನೋಡಿದವರಲ್ಲ. ಎರಡು ಚಳಿಗಾಲದ ಹಿಂದೆ ಹಾರುಯೊ ಆ ದೋಷವನ್ನು ಪೂರ್ತಿ ಸರಿಪಡಿಸಿದರು. ಅಂದಿನಿಂದ ಅಓಮೊರಿಯಿಂದ ಒಂದಕ್ಷರ ಬಂದಿಲ್ಲ.

ಹೇಗಿದ್ದೀರಿ ಎಂದು ನೀವೇ ಕೇಳಬಹುದಿತ್ತಲ್ಲ ಎಂದು ಸುದ್ದಿ ಬರೆಯಲು ಬಂದ ನಾನು ಕೇಳಿದರೆ ಹಾರುಯೊ ಕೆನ್ನೆ ಕೆಂಪಾಗುತ್ತದೆ. "ಕೆಲಸವಿಲ್ಲದೆ ಬರೆಯೋದು ಹ್ಯಾಗೆ? ಏನಂದುಕೊಳ್ತಾರೋ."

"ಎರಡು ವರ್ಷ ಕೊರಗಬಹುದು, ಎರಡು ಸಾಲು ಬರೆಯೋಕಾಗಲ್ಲ!" ಕಿನುಎಗೆ ರೇಗುತ್ತದೆ.

ಪೂರ್ತಿ ಸರಿಯಾಯಿತು ಎಂದುಕೊಂಡದ್ದೇ ತಪ್ಪು. ಬೇಕಾದದ್ದು ಇದ್ದರೂ ಗುಡಿಸುವ ಭಾಗಕ್ಕೆ ಅದು ಕಾಣದ ಇನ್ನೊಂದು ಮೂಲೆ ಉಳಿದಿತ್ತು. ಅಪರೂಪಕ್ಕೆ ಕಚ್ಚುವ ದೋಷ, ನಿನ್ನೆ ಕಚ್ಚಿದೆ. ಹಾರುಯೊ ತಿದ್ದುತ್ತಾರೆ, ಓಡಿಸಿ ನೋಡುತ್ತಾರೆ. ಮಗ್ಗ ಎದ್ದು ಸೇವಂತಿಗೆಯ ಮುಂದಿನ ಎಸಳಿಗೆ ಕೈಹಾಕುತ್ತದೆ. ಹಾರುಯೊ ಅತ್ತ ನೋಡುವುದಿಲ್ಲ. ಅಓಮೊರಿಗೆ ಬರೆಯಲು ಕೊನೆಗೂ ಒಂದು ಕೆಲಸ ಸಿಕ್ಕಿದೆ.

'ನಿಮ್ಮ ಯಂತ್ರದಲ್ಲೂ ಈ ದೋಷ ಇರಬೇಕು. ತಿದ್ದುಪಡಿ ಜೊತೆಗಿದೆ. ನಿಮ್ಮಲ್ಲೂ ಕುಸಿದಿತ್ತೇ, ದಯವಿಟ್ಟು ತಿಳಿಸಿ.' ಮತ್ತೆ ಮತ್ತೆ ಓದಿ, ಕಣ್ಣು ಮುಚ್ಚಿಕೊಂಡು ಕಳಿಸುತ್ತಾರೆ.

ಕಿನುಎ ದನಿ ತಗ್ಗಿಸುತ್ತಾರೆ. "ಅಲ್ವೇ, ಅವರಲ್ಲೂ ಅದೇ ದೋಷ ಇದ್ದಿದ್ರೆ, ಇಷ್ಟು ಹೊತ್ತಿಗೆ ಅವರೇ ಬರೀತಿರ್ಲಿಲ್ವಾ?"

ಆ ಪ್ರಶ್ನೆ ಹಾರುಯೊಗೆ ಹೊಳೆಯದ್ದಲ್ಲ. "ನನ್ನಲ್ಲೂ ನಿನ್ನೆ ತಾನೇ ಕುಸಿದದ್ದು," ಎನ್ನುತ್ತಾ ಕಂಬಳಿ ಮಡಿಸುತ್ತಾರೆ.

ನಿಮ್ಮ ಆಸೆ ಏನು ಎಂದು ಹೊರಡುವಾಗ ನಾನು ಕೇಳಿದ್ದಕ್ಕೆ ಹಾರುಯೊ ಪರದೆಯತ್ತ ತಿರುಗುತ್ತಾರೆ.

"ಅವರ ಯಂತ್ರವೂ ಇವತ್ತು ಕುಸೀಲಿ. ಕುಸೀತು ಅಂತ ವರದಿ ಬಂತು ಅಂದ್ರೆ, ಅದರ ಮುಂದೆ ಅವರಿನ್ನೂ ಕೂತಿದ್ದಾರೆ ಅಂತ ತಾನೇ?"